ಆಯತಪ್ಪಿದ್ದು ಯಾರು?

‘ಆಯತಪ್ಪಿ ಸಮುದ್ರಕ್ಕೆ ಬಿದ್ದು ಮೀನುಗಾರ ನಾಪತ್ತೆ.’ ಕರಾವಳಿಯ ಪತ್ರಿಕೆಗಳ ಒಳಪುಟದಲ್ಲಿ ಮತ್ತೆ ಮತ್ತೆ ಬರುವ ಸುದ್ದಿ ಇದು. ಬೋಟಿನ ಹೆಸರು, ಠಾಣೆಯ ಹೆಸರು, ಪ್ರಕರಣ ದಾಖಲಾಗಿದೆ ಎಂಬಲ್ಲಿಗೆ ನಾಲ್ಕೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ‘ಆಯತಪ್ಪಿ’ ಎಂಬ ಪದ ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಒಂದೇ ಪದದಲ್ಲಿ ತನಿಖೆ ಮುಗಿಯಿತು, ತಪ್ಪು ಸತ್ತವನದೇ ಎಂಬ ತೀರ್ಪೂ ಬಂತು.

ಅದರ ಬೆನ್ನಿಗೇ ಲೈಫ್ ಜಾಕೆಟ್ಟಿನ ಉಪದೇಶ. ಜಾಕೆಟ್ ಕಡ್ಡಾಯ, ಹಾಕದಿದ್ದರೆ ಕ್ರಮ, ಎಷ್ಟು ಹೇಳಿದರೂ ಈ ಮೀನುಗಾರರು ಕೇಳುವುದಿಲ್ಲ ಎಂಬ ಬೈಗುಳ. ಜಾಕೆಟ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಾಕೆಟ್ ಹಾಕಿಕೊಂಡು ಬಿದ್ದವನು ಮಾಡಬಹುದಾದದ್ದು ತೇಲುವುದು ಮಾತ್ರ. ತೇಲುತ್ತಿರುವವನನ್ನು ಕತ್ತಲಲ್ಲಿ ಹುಡುಕಿ, ಬಳಿಗೆ ಹೋಗಿ, ಮೇಲೆ ಎತ್ತಬೇಕಾದವರು ಬೋಟಿನಲ್ಲಿ ಉಳಿದ ಆರೇಳು ಮಂದಿ. ಅವರಿಗೆ ಅದನ್ನು ಯಾರು ಕಲಿಸಿದ್ದಾರೆ? ನನ್ನ ಜಗಳ ಇದೊಂದೇ ವಿಷಯಕ್ಕೆ. ತರಬೇತಿ ಬೇಕಾಗಿರುವುದು ಬಿದ್ದವನಿಗಿಂತ ಮೊದಲು ಉಳಿದವರಿಗೆ.

ಲೆಕ್ಕ ಹಾಕಿ ನೋಡಿ. ಎಂಟು ನಾಟ್ ವೇಗದಲ್ಲಿ ಹೋಗುವ ಬೋಟು ಒಂದು ನಿಮಿಷಕ್ಕೆ ಸುಮಾರು 250 ಮೀಟರ್ ದಾಟುತ್ತದೆ. ಎಂಜಿನ್ ಸದ್ದಿನಲ್ಲಿ ಕೂಗು ಕೇಳಿಸುವುದಿಲ್ಲ. ನೀರಿನ ಮೇಲೆ ಕಾಣುವುದು ತೆಂಗಿನಕಾಯಿ ಗಾತ್ರದ ತಲೆ ಮಾತ್ರ, ನಡುವೆ ಒಂದು ಅಲೆ ಎದ್ದರೆ ಅದೂ ಇಲ್ಲ. ಆ ಒಂದು ನಿಮಿಷದಲ್ಲಿ ಒಬ್ಬ ಕೂಗಬೇಕು, ಒಬ್ಬ ಕೈಗೆ ಸಿಕ್ಕ ತೇಲುವ ವಸ್ತು ಎಸೆಯಬೇಕು, ಖಾಲಿ ಕ್ಯಾನ್ ಆದರೂ ಸರಿ. ಇನ್ನೊಬ್ಬ ಬೇರೇನೂ ಮಾಡದೆ, ಬಿದ್ದವನ ಕಡೆ ಬೆರಳು ತೋರಿಸುತ್ತ, ಕಣ್ಣು ಕೀಳದೆ ನಿಲ್ಲಬೇಕು. ಬೋಟು ನಡೆಸುವ ತಂಡೇಲ, ಮನುಷ್ಯ ಬಿದ್ದ ಬದಿಗೇ ಬೋಟು ತಿರುಗಿಸಬೇಕು, ಇಲ್ಲವಾದರೆ ಹಿಂಬದಿಯ ಪ್ರೊಪೆಲ್ಲರ್ ಅವನ ಮೇಲೇ ಹೋಗುತ್ತದೆ. ಹತ್ತಿರ ಬಂದಾಗ ಗೇರ್ ನ್ಯೂಟ್ರಲ್ಲಿಗೆ ತರಬೇಕು. ಗೆಳೆಯನೆಂದು ಹಿಂದೆಯೇ ಯಾರೂ ಜಿಗಿಯಬಾರದು. ಇದನ್ನೆಲ್ಲ ಹತ್ತು ಸಲ ಮಾಡಿ ನೋಡದವನಿಗೆ ಆ ಗಾಬರಿಯಲ್ಲಿ ಕೈಕಾಲು ಆಡುವುದಿಲ್ಲ.

ಮಲ್ಪೆ ಬಂದರಿನ ಧಕ್ಕೆಯಲ್ಲಿ ಒಮ್ಮೆ ಆಳಸಮುದ್ರದ ಬೋಟೊಂದನ್ನು ಹತ್ತಿದ್ದೆ. ಜಾಕೆಟ್ಟುಗಳಿದ್ದವು, ಕ್ಯಾಬಿನ್ನಿನ ಮೂಲೆಯಲ್ಲಿ ಈರುಳ್ಳಿ ಚೀಲದ ಕೆಳಗೆ, ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ. ಜಿಪಿಎಸ್ ಪರದೆಯ ಕೆಳಗೆ ‘ಎಂಒಬಿ’ ಎಂಬ ಗುಂಡಿಯಿತ್ತು. ಮನುಷ್ಯ ಬಿದ್ದ ಜಾಗವನ್ನು ಒಂದೇ ಒತ್ತಿಗೆ ಗುರುತು ಹಾಕುವ ಗುಂಡಿ ಅದು. ಅದರ ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು. ಇದು ಯಾತಕ್ಕೆಂದು ತಂಡೇಲರನ್ನು ಕೇಳಿದೆ.

‘ಅದಾ ಸಾರ್, ಬಂಡೆ ಸಿಕ್ಕಿದ್ರೆ ಗುರುತು ಹಾಕ್ಲಿಕ್ಕೆ. ಬಲೆ ಹರಿಯಬಾರ್ದಲ್ಲ.’

‘ಜನ ಬಿದ್ರೆ?’

‘ಜನ ಬಿದ್ರೆ ಆಗ ಯಾರಿಗೆ ಬಟನ್ ನೆನಪಾಗ್ತದೆ ಸಾರ್?’

ಅವರು ಹೇಳಿದ್ದು ಸತ್ಯ. ಬಂಡೆ ಕಂಡರೆ ಅವರ ಬೆರಳು ತಾನಾಗಿ ಆ ಗುಂಡಿಗೆ ಹೋಗುತ್ತದೆ, ನೂರಾರು ಸಲ ಒತ್ತಿದ ರೂಢಿ. ಮನುಷ್ಯನಿಗಾಗಿ ಒತ್ತುವ ರೂಢಿಯನ್ನು ಯಾರೂ ಮಾಡಿಸಿಲ್ಲ. ಎತ್ತುವ ಕತೆಯೂ ಅಷ್ಟೆ. ನೆನೆದು ಭಾರವಾದ, ಶಕ್ತಿಗುಂದಿದ ಮನುಷ್ಯನನ್ನು ಬೋಟಿನ ಅಂಚಿನ ಮೇಲಕ್ಕೆ ತೋಳು ಹಿಡಿದು ಎಳೆಯುವುದು ಇಬ್ಬರಿಂದಲೂ ಆಗದ ಕೆಲಸ. ಬಲೆಯ ತುಂಡೊಂದನ್ನು ಅವನ ಅಡಿಗೆ ಇಳಿಬಿಟ್ಟು, ಒಂದು ಅಂಚು ಬೋಟಿಗೆ ಕಟ್ಟಿ, ಇನ್ನೊಂದನ್ನು ಎಳೆದರೆ ಅವನು ಮಲಗಿದಂತೆಯೇ ಉರುಳಿ ಮೇಲೆ ಬರುತ್ತಾನೆ. ಹೊತ್ತುಗಟ್ಟಲೆ ನೀರಿನಲ್ಲಿದ್ದವನನ್ನು ನೆಟ್ಟಗೆ ಎತ್ತಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ, ಅದಕ್ಕೂ ಇದೇ ಒಳ್ಳೆಯ ದಾರಿ. ಬಲೆ ಇಲ್ಲದ ಮೀನುಗಾರಿಕಾ ಬೋಟು ಎಲ್ಲಿದೆ? ಇರುವ ಬಲೆಯಲ್ಲೇ ಜೀವ ಉಳಿಸಬಹುದೆಂದು ತೋರಿಸಿಕೊಡುವವರಿಲ್ಲ.

ದೊಡ್ಡ ಸರಕು ಹಡಗುಗಳಲ್ಲಾದರೂ ಎಲ್ಲ ಸರಿಯಿದೆ ಎನ್ನುತ್ತಿಲ್ಲ. ನೀರಿಗೆ ಬಿದ್ದವರನ್ನು ಮೇಲೆತ್ತುವ ಲಿಖಿತ ಯೋಜನೆ ಪ್ರತಿ ಹಡಗಿನಲ್ಲೂ ಇರಬೇಕೆಂಬ ನಿಯಮ ಕಡಲ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ಗೆ ಸೇರಿ ಜಾರಿಯಾದದ್ದು 2014ರಲ್ಲಿ. ಬೆಂಕಿಯ ಕವಾಯತು, ಹಡಗು ತೊರೆಯುವ ಕವಾಯತು ತಿಂಗಳಿಗೊಮ್ಮೆ ಕಡ್ಡಾಯ. ಬಿದ್ದವನನ್ನು ಎತ್ತುವ ಕವಾಯತಿಗೆ ಆ ಸ್ಥಾನ ಇಂದಿಗೂ ಸಿಕ್ಕಿಲ್ಲ. ಮೀನುಗಾರಿಕಾ ಬೋಟುಗಳಂತೂ ಆ ಒಪ್ಪಂದದ ಬಹುತೇಕ ನಿಯಮಗಳಿಂದ ಹೊರಗೇ ಉಳಿದಿವೆ.

ಆಯತಪ್ಪುವುದು ಎಲ್ಲಿ ಎಂದು ಯಾರಾದರೂ ಕೇಳಿದ್ದಾರೆಯೇ? ಹತ್ತು ಹನ್ನೆರಡು ದಿನ ಕಡಲಲ್ಲೇ ಇರುವ ಎಷ್ಟೋ ಬೋಟುಗಳಲ್ಲಿ ಶೌಚಾಲಯವಿಲ್ಲ. ನಡುರಾತ್ರಿ ಎದ್ದವನು ಒದ್ದೆ ಅಂಚಿನಲ್ಲಿ ಹಗ್ಗ ಹಿಡಿದು ಕೂರಬೇಕು. ಅಲ್ಲಿಂದ ಬಿದ್ದರೆ, ಅವನಿಲ್ಲವೆಂದು ಗೊತ್ತಾಗುವುದು ಬೆಳಗಿನ ಚಹಾಕ್ಕೆ. ಅವನು ಒಡಿಶಾದವನೋ ಜಾರ್ಖಂಡಿನವನೋ ಆಗಿದ್ದರೆ ಪತ್ರಿಕೆಯಲ್ಲಿ ಹೆಸರೂ ಸರಿಯಾಗಿ ಬರುವುದಿಲ್ಲ. ಶವ ಸಿಗದಿದ್ದರೆ, ಏಳು ವರ್ಷ ಸುಳಿವಿಲ್ಲದವನನ್ನು ಸತ್ತನೆಂದು ಭಾವಿಸಬಹುದೆನ್ನುತ್ತದೆ ಕಾನೂನು. ಅಷ್ಟು ವರ್ಷ ಅವನ ಹೆಂಡತಿ ಯಾವ ಕಚೇರಿಯ ಮೆಟ್ಟಿಲಲ್ಲಿ ಏನೆಂದು ಹೇಳಿಕೊಳ್ಳಬೇಕು?

2018ರ ಡಿಸೆಂಬರಿನಲ್ಲಿ ಮಲ್ಪೆಯ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಕಾಣೆಯಾದಾಗ ಇಡೀ ರಾಜ್ಯ ಕಡಲಿನತ್ತ ತಿರುಗಿತು. ಆಮೇಲೆ ಟ್ರಾನ್ಸ್‌ಪಾಂಡರಿನ ಮಾತು ಬಂತು. ಟ್ರಾನ್ಸ್‌ಪಾಂಡರ್ ಬೋಟಿನ ಜಾಗ ತೋರಿಸುತ್ತದೆ, ಬೋಟಿನಿಂದ ಬಿದ್ದವನದನ್ನಲ್ಲ. ಕೋಸ್ಟ್ ಗಾರ್ಡಿನ 1554ಕ್ಕೆ ಕರೆ ಮಾಡಲೇಬೇಕು, ಆದರೆ ಅವರ ಹಡಗು ಬಂದು ಮುಟ್ಟುವ ತನಕ ಬಿದ್ದವನಿಗೆ ದಿಕ್ಕು ಅದೇ ಆರೇಳು ಜನ.

ಸಮಯವಿಲ್ಲ ಎಂದು ಮಾತ್ರ ಯಾರೂ ಹೇಳಬೇಡಿ. ಜೂನ್ 1ರಿಂದ ಜುಲೈ 31ರವರೆಗೆ, ಪ್ರತಿ ವರ್ಷ 61 ದಿನ, ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರಿಕ ಬೋಟುಗಳು ಧಕ್ಕೆಯಲ್ಲೇ ಕಟ್ಟಿಹಾಕಿಕೊಂಡಿರುತ್ತವೆ. ಮೀನು ಮೊಟ್ಟೆಯಿಡಲೆಂದು 61 ದಿನ ಬಿಡುವು ಕೊಡುವ ಸರ್ಕಾರಕ್ಕೆ ಅದರಲ್ಲಿ ಒಂದು ದಿನ ಮನುಷ್ಯನಿಗಾಗಿ ತೆಗೆದಿಡಲು ಆಗುವುದಿಲ್ಲವೇ? ಬೋಟಿನ ಕೆಲಸಗಾರರಾದ ಕಲಾಸಿಗಳು ಊರಿಗೆ ಹೋಗಿರುತ್ತಾರೆಂಬ ನೆಪವೂ ಬೇಡ. ಜುಲೈ ಕೊನೆಯ ವಾರ ಡೀಸೆಲ್, ಐಸ್ ತುಂಬಿಸಲು ಬಂದೇ ಬರುತ್ತಾರೆ. ಆಗ ಸಭಾಭವನದಲ್ಲಿ ಕೂರಿಸಿ ಭಾಷಣ ಮಾಡುವುದು ಬೇಡ. ಬಂದರಿನೊಳಗಿನ ನೀರಿಗೆ ಜಾಕೆಟ್ ತೊಡಿಸಿದ ಗೊಂಬೆಯೊಂದನ್ನು ಎಸೆಯಿರಿ, ಹಗಲೊಮ್ಮೆ, ಕತ್ತಲಾದ ಮೇಲೆ ಒಮ್ಮೆ. ಅದನ್ನು ಹುಡುಕಿ, ತಿರುಗಿ ಬಂದು, ಬಲೆಯಲ್ಲಿ ಮೇಲೆತ್ತಿ ತೋರಿಸದ ತಂಡಕ್ಕೆ ಆಗಸ್ಟ್ 1ರಂದು ಧಕ್ಕೆ ಬಿಡಲು ಅನುಮತಿ ಕೊಡಬೇಡಿ.