ವಿಹಾರವೂ ಸಹವಾಸವೂ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆಗೆ ಮದುವೆಯ ಪಂಕ್ತಿಗಳಲ್ಲಿ ಈಚೆಗೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿರುವದು: ಕಡಲದಂಡೆಯ ಐಷಾರಾಮಿ ರಿಸಾರ್ಟಿನಲ್ಲಿ ಹೆಂಡಿರು ಮಕ್ಕಳೊಡನೆ ನಾಲ್ಕು ದಿನ ಇದ್ದು ಬಾರದವನು ಸಂಸಾರಕ್ಕೆ ಸುಖವನ್ನೇ ಕೊಟ್ಟಿಲ್ಲವೆಂದು. ಗೋವೆಗೆ ಹೋಗಿ ಬಂದವರು ಮಾಲ್ಡೀವ್ಸಿನ ಮಾತಾಡುತ್ತಾರೆ. ಹೋಗಲಾರದವರು ತಲೆ ತಗ್ಗಿಸಿ ಕೂಡ್ರುತ್ತಾರೆ. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ. ಸಂಸಾರದ ವಿಹಾರಕ್ಕೆ ಜೀವಕಳೆ ಬರುವದು ಅನ್ಯರ ಸಹವಾಸದಿಂದ. ರಿಸಾರ್ಟು ಮಾರುವದಾದರೋ ಅನ್ಯರ ಅಭಾವವನ್ನು.

ಕಡಲನ್ನು ನೋಡುವದು ವ್ಯರ್ಥವೆಂದು ಯಾರೂ ಹೇಳಲಾರರು. ಎತ್ತ ನೋಡಿದರೂ ಎರೆಯ ಹೊಲವೇ ಕಾಣುವ ಬಯಲಿನಲ್ಲಿ ಹುಟ್ಟಿ, ಬೇಸಿಗೆಯಲ್ಲಿ ಕೆರೆಯ ನೀರನ್ನು ಕೊಡದ ಲೆಕ್ಕದಲ್ಲಿ ಬಳಸುವ ಮನೆಯಲ್ಲಿ ಬೆಳೆದ ಹುಡುಗನು ಅರಬೈಲು ಘಟ್ಟವನ್ನಿಳಿದು ಅಂಕೋಲೆಯ ಆಚೆ ಮೊದಲ ಸಲ ಸಮುದ್ರವನ್ನು ಕಂಡಾಗ ಅವನ ಅಂತಃಕರಣಕ್ಕೆ ಒದಗುವ ವಿಸ್ತಾರವು ಅಲ್ಪವಾದುದಲ್ಲ. ೧೮೮೦ರ ದಶಕದ ಆರಂಭದಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ರವೀಂದ್ರನಾಥ ಠಾಕೂರರು ಅಲ್ಲಿಯೇ ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದರು. ಇಂದು ಆ ತೀರಕ್ಕೆ ಅವರ ಹೆಸರೇ ಇದೆ. ಅದರ ಮಳಲಿನ ಮೇಲೆ ನಡೆಯಲು ಯಾರ ಅಪ್ಪಣೆಯೂ ಬೇಡ. ಪಣಜಿಯ ಸಮೀಪದ ದೋನಾ ಪಾವ್ಲಾದಲ್ಲಿ ಊರ ಜನರು ಹಿಂದಿನಿಂದ ಕಡಲಿಗಿಳಿಯುತ್ತಿದ್ದ ದಾರಿಯನ್ನು ಕುರಿತು ಒಂದು ಭಾರಿ ಹೋಟೆಲಿನೊಡನೆ ನಡೆದ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿದಾಗ, ದಾರಿಯು ಜನರಿಗೆ ತೆರೆದಿರತಕ್ಕದ್ದೆಂದೂ, ಇಂಥ ನಿಸರ್ಗಸಂಪತ್ತನ್ನು ಸರಕಾರವು ಜನರ ಪರವಾಗಿ ವಿಶ್ವಸ್ತನಂತೆ ಕಾಯತಕ್ಕದ್ದೆಂದೂ ೨೦೦೯ರಲ್ಲಿ ತೀರ್ಪಾಯಿತು.

ಕಡಲು ಹೀಗೆ ಸರ್ವರದಾದ ಮೇಲೆ ಅಷ್ಟೊಂದು ಹಣ ಸುರಿದು ಕೊಳ್ಳುವದೇನನ್ನು? ಗೋಡೆಯನ್ನು! ಬಾಗಿಲಲ್ಲಿ ಮಣಿಕಟ್ಟಿಗೆ ಬಣ್ಣದ ಪಟ್ಟಿಯನ್ನು ಸುತ್ತುತ್ತಾರೆ, ಅದಿದ್ದವನಿಗೆ ಊಟ, ಈಜುಕೊಳ, ನೆರಳು, ಇಲ್ಲದವನು ಹೊರಗೆ. ಉತ್ತರ ಕರ್ನಾಟಕದಿಂದ ದುಡಿಮೆಗಾಗಿ ಗೋವೆಗೆ ಹೋಗಿ ನೆಲೆಸಿದ ಕುಟುಂಬಗಳು ಅನೇಕವಿರುವಾಗ, ಅಲ್ಲಿ ಹಾಸಿಗೆಯ ಮೇಲುಹಾಸನ್ನು ಬದಲಿಸುವ ಹೆಣ್ಣುಮಗಳು ರೋಣದವಳೋ ಬಾದಾಮಿಯವಳೋ ಆಗಿರಲಿಕ್ಕೆ ಸಾಕು. ನಮ್ಮ ಬಸ್ಸಿನಲ್ಲಾಗಿದ್ದರೆ “ಯಾವೂರವ್ವಾ ನಿಂದು?” ಎಂದು ಕೇಳಿ, ಎರಡು ಮಾತಿನೊಳಗೆ ಬೀಗತನದ ಎಳೆಯನ್ನು ಹಿಡಿಯುತ್ತಿದ್ದ ಅಜ್ಜಿ, ಅಲ್ಲಿ ಅವಳ ಮುಖವನ್ನೂ ನೋಡದೆ ಕೂಡ್ರುವಳು, ಜಗತ್ತೆಲ್ಲ ತನ್ನ ಸೇವೆಗಾಗಿಯೇ ಇರುವದೆಂಬ ಪಾಠವನ್ನು ಮೊಮ್ಮಗನು ಅಜ್ಜಿಯ ಪಕ್ಕದಲ್ಲಿಯೇ ಕುಳಿತು ಕಲಿಯುವನು. ಇದು ಮಕ್ಕಳಿಗೆ ಮಾಡುವ ಅನ್ಯಾಯ!

ನಮ್ಮ ಸೀಮೆಯ ಎಳ್ಳಮಾಸಿಯನ್ನು ನೋಡಿರಿ. ಹಿಂಗಾರಿ ಜೋಳವು ತೆನೆಗೆ ಬಂದು, ಕಡಲೆ ಕಾಯಿ ಕಟ್ಟಿರುವ ಆ ದಿನ ಮನೆಗೆ ಮನೆಯೇ ಬೀಗ ಹಾಕಿಕೊಂಡು ಹೊಲಕ್ಕೆ ಹೊರಡುವದು. ಚಕ್ಕಡಿಯ ಎತ್ತುಗಳಿಗೆ ಕೊಂಬಣಸು, ಗೆಜ್ಜೆಸರ. ಒಳಗೆ ಬುತ್ತಿಯ ಗಂಟುಗಳು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ, ಕಡಬು. ಬನ್ನಿಯ ಗಿಡದ ಬುಡಕ್ಕೆ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಒಬ್ಬನು ಕೂಗುತ್ತ ಚರಗ ಚೆಲ್ಲುತ್ತ ಮುಂದೆ ನಡೆದರೆ ಮತ್ತೊಬ್ಬನು ನೀರು ಚಿಮುಕಿಸುತ್ತ ಹಿಂಬಾಲಿಸುವನು. ಭೂಮಿತಾಯಿಗೆ ಮೊದಲ ತುತ್ತು, ಹಕ್ಕಿ ಹುಳಗಳಿಗೂ ಅದರಲ್ಲಿ ಪಾಲು. ಬಳಿಕ ಸಾಲಾಗಿ ಕುಳಿತು ಉಣ್ಣುವಾಗ ದಾರಿಯಲ್ಲಿ ಹೋಗುತ್ತಿರುವವನನ್ನು, ಗುರುತಿದ್ದವನಿರಲಿ ಇಲ್ಲದವನಿರಲಿ, “ಬರ್ರೀ, ಒಂದ್ ತುತ್ತು ಉಂಡ್ ಹೋಗ್ರಿ” ಎಂದು ಕೂಗಿ ಕರೆಯದಿದ್ದರೆ ಆ ಊಟ ರುಚಿಸುವದಿಲ್ಲ. ಪಟ್ಟಣದಿಂದ ಬಂದ ಮಗು ಹಸಿ ಕಡಲೆಯ ಗಿಡವನ್ನು ಕಿತ್ತು, ಅದರ ಹುಳಿಗೆ ಬೆರಳು ಚೀಪುತ್ತ, ಹೆಸರರಿಯದ ಓರಗೆಯವನೊಡನೆ ಕಾಯಿ ಸುಲಿಯುವದು. ಯಮನೂರಿನ ಜಾತ್ರೆಯೂ ಹೀಗೆಯೇ. ಒಬ್ಬನೇ ಸಂತನನ್ನು ಚಾಂಗದೇವನೆಂದು ನಂಬಿ ಬಂದ ಹಿಂದೂಗಳೂ ರಾಜಾಬಾಗಸವಾರನೆಂದು ನಂಬಿ ಬಂದ ಮುಸಲ್ಮಾನರೂ ಅದೇ ಬೆಣ್ಣಿಹಳ್ಳದಲ್ಲಿ ಮೀಯುವರು. ಇವೆಲ್ಲ ಹಳ್ಳಿಗರ ಹಳೆಯ ಗೀಳೆನ್ನುವವರಿಗೆ ನಾನು ಉತ್ತರ ಕೊಡಲು ಹೋಗುವದಿಲ್ಲ.

ಉತ್ತರ ಕೊಡಲೇಬೇಕಾದ ಆಕ್ಷೇಪ ಬೇರೊಂದಿದೆ, ಅದನ್ನೆತ್ತುವವರು ಸ್ತ್ರೀಯರು. ಚರಗದ ಸಂಭ್ರಮವನ್ನು ವರ್ಣಿಸುವ ಗಂಡಸು ಹಿಂದಿನೆರಡು ದಿನ ಒಲೆಯ ಮುಂದೆ ರೊಟ್ಟಿ ಬಡಿದವರ ರಟ್ಟೆಯ ನೋವನ್ನು ಬಲ್ಲನೇ? ಬೇರೆಯವರು ಬಡಿಸಿದ್ದನ್ನು ಕುಳಿತು ಉಣ್ಣುವ ಭಾಗ್ಯವು ತನಗೆ ರಿಸಾರ್ಟಿನಲ್ಲಿ ಮಾತ್ರ ಲಭಿಸಿತೆಂದು ಒಬ್ಬ ಗೃಹಿಣಿ ಹೇಳಿದರೆ ಅದನ್ನು ಭೋಗಲಾಲಸೆಯೆಂದು ಜರೆಯುವ ಅಧಿಕಾರ ಯಾರಿಗೂ ಇಲ್ಲ. ಆ ಮಾತು ಅಕ್ಷರಶಃ ನಿಜ. ಆದರೆ ಅವಳಿಗೆ ಅಲ್ಲಿ ಸಿಕ್ಕ ವಿಶ್ರಾಂತಿಯು ರೋಣದ ಆ ಮತ್ತೊಬ್ಬಳ ದುಡಿಮೆಯಿಂದ ಬಂದುದು. ಆ ಗೃಹಿಣಿಯ ಗಂಡನ ಕೈಗಳು ಅಲ್ಲಿಯೂ ಮಡಿಚಿಕೊಂಡೇ ಇದ್ದವು. ಐದನೆಯ ದಿನ ಊರಿಗೆ ಮರಳಿದೊಡನೆ ಅದೇ ಒಲೆ ಅವಳಿಗಾಗಿ ಕಾದಿರುವದು. ದೋಷವಿರುವದು ಮನೆಯ ದುಡಿಮೆಯ ಹಂಚಿಕೆಯಲ್ಲಿ. ಅದನ್ನು ತಿದ್ದಲು ಸಮುದ್ರದವರೆಗೆ ಹೋಗಬೇಕಾದುದಿಲ್ಲ. ಬರುವ ಎಳ್ಳಮಾಸಿಗೆ ಕೊಣಮಿಗೆಯ ಮುಂದೆ ಗಂಡಸರು ಕೂಡ್ರಲಿ, ಹುಡುಗರು ಬುತ್ತಿ ಕಟ್ಟಲಿ. ಆ ಬುತ್ತಿ ಚಕ್ಕಡಿಯಲ್ಲಿ ಹೊಲಕ್ಕೆ ಹೋದರೂ ಸರಿ, ಬಸ್ಸಿನಲ್ಲಿ ಕಾರವಾರದ ದಂಡೆಗೆ ಹೋದರೂ ಸರಿ.