ಗೃಹಸ್ಥರ ಹವ್ಯಾಸ: ಹಳೆಯ ಕಾರನ್ನು ಸಾಕುವ ವಿಚಾರ

ಹಾಸನದ ಕಡೆಯ ವಾಚಕರೊಬ್ಬರು ಕಾಗದ ಬರೆದು ನಮ್ಮ ಸಲಹೆಯನ್ನು ಕೇಳಿರುವರು. ಅವರ ತೀರ್ಥರೂಪರು ಬಹುಕಾಲ ಓಡಿಸಿದ ಪ್ರೀಮಿಯರ್ ಪದ್ಮಿನಿ ಕಾರು, ಆ ಹಿರಿಯರು ಕಾಲವಾದ ಅನಂತರ, ಎಂಟು ವರ್ಷಗಳಿಂದ ಹಿತ್ತಿಲ ಷೆಡ್ಡಿನಲ್ಲಿ ನಿಂತೇ ಇದೆಯಂತೆ. ಗುಜರಿಯವನಿಗೆ ತೂಕಕ್ಕೆ ಕೊಟ್ಟು ಜಾಗವನ್ನು ತೆರವು ಮಾಡೋಣವೆಂದು ತಮ್ಮಂದಿರ ಅಭಿಪ್ರಾಯ. ಮಾತೃಶ್ರೀಯವರು ಬಾಯಿಬಿಟ್ಟು ಏನನ್ನೂ ಹೇಳರು. ಆದರೆ ಶುಕ್ರವಾರ ಶುಕ್ರವಾರ ಅದರ ಧೂಳನ್ನು ಒರೆಸಿ ಬರುವರಂತೆ. ಇಟ್ಟುಕೊಳ್ಳುವುದು ವಿವೇಕವೆ, ಕಳೆಯುವುದು ವಿವೇಕವೆ ಎಂಬುದು ಪ್ರಶ್ನೆ. ಹಳೆಯ ಕಾರೊಂದನ್ನು ಹವ್ಯಾಸಕ್ಕಾಗಿ ಹೊಸದಾಗಿ ಕೊಳ್ಳಬೇಕೆಂದಿರುವವರಿಗೂ ನಾವು ಹೇಳಬೇಕಾದುದು ಹೆಚ್ಚುಕಡಮೆ ಒಂದೇ ಆದುದರಿಂದ, ಈ ತಿಂಗಳ ಪುಟಗಳನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುವೆವು. ಕಾರಿನ ತಗಡು ಗಟ್ಟಿಯಾಗಿದ್ದು, ಕಾಗದಪತ್ರಗಳು ಸರಿಯಾಗಿದ್ದರೆ, ಅದನ್ನು ಇಟ್ಟುಕೊಳ್ಳಬಹುದು. ಇವೆರಡರಲ್ಲಿ ಒಂದು ಕೆಟ್ಟಿದ್ದರೂ, ಎಷ್ಟೇ ಮಮತೆಯಿರಲಿ, ಕೈಹಾಕುವ ಮುನ್ನ ಹತ್ತು ಸಲ ಯೋಚಿಸತಕ್ಕದ್ದು. ಇಂಜಿನ್ನಿನ ವಿಚಾರ ಕಟ್ಟಕಡೆಯದು. ಜನರು ಸಾಮಾನ್ಯವಾಗಿ ಇದನ್ನು ತಲೆಕೆಳಗಾಗಿ ಮಾಡುವರು. ಬಾನೆಟ್ಟನ್ನು ಎತ್ತಿ, ಇಂಜಿನ್ನಿನ ಸದ್ದನ್ನು ಕೇಳಿ, ಹೊಳೆಯುವ ಬಣ್ಣವನ್ನು ನೋಡಿ, ಮುಂಗಡವನ್ನು ಕೊಟ್ಟುಬಿಡುವರು. ಆ ಕಾಲದ ಇಂಜಿನ್ನು ಬಹು ಸರಳವಾದುದು. ಬಲ್ಲ ಮೇಸ್ತ್ರಿಯು ಅದನ್ನು ಬಿಚ್ಚಿ ಮತ್ತೆ ಕೂಡಿಸಬಲ್ಲನು. ತುಕ್ಕು ತಿಂದ ತಳವನ್ನಾಗಲಿ, ರದ್ದಾದ ನೋಂದಣಿಯನ್ನಾಗಲಿ ಹಾಗೆ ಕೂಡಿಸಲು ಬಾರದು.

ನಮ್ಮ ಸೀಮೆಯಲ್ಲಿ ಗೃಹಸ್ಥನ ಕೈಗೆಟುಕುವ ಹಳೆಯ ಕಾರುಗಳೆಂದರೆ ಮುಖ್ಯವಾಗಿ ನಾಲ್ಕು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗಿ 2014ರವರೆಗೆ ನಡೆದ ಅಂಬಾಸಿಡರ್ ಒಂದು. ಇಟಲಿಯ ಫಿಯೆಟ್ 1100ರ ವಂಶದ ಪದ್ಮಿನಿ ಇನ್ನೊಂದು. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಮೂರನೆಯದು. 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800, ಈಗ ಅದೂ ಹಳೆಯದರ ಸಾಲಿಗೆ ಸೇರಿತಷ್ಟೆ! ಹೊಸಬರಿಗೆ ಪದ್ಮಿನಿಯೇ ಲೇಸೆಂದು ನಮ್ಮ ಮತ. 1089 ಘನ ಸೆಂಟಿಮೀಟರಿನ ಅದರ ಇಂಜಿನ್ನು ಚಿಕ್ಕದು, ಮಿತವ್ಯಯದ್ದು. 1964ರಲ್ಲಿ ಬಂದ ಫಿಯೆಟ್ ಡಿಲೈಟೇ 1974ರಲ್ಲಿ ಪದ್ಮಿನಿಯೆಂಬ ಹೆಸರನ್ನು ಪಡೆದುದಾದ್ದರಿಂದ, ಎಷ್ಟೋ ಬಿಡಿಭಾಗಗಳು ಒಂದರದು ಇನ್ನೊಂದಕ್ಕೆ ಒಪ್ಪುವುವು. ಹೆರಾಲ್ಡು ನೋಡಲು ಬಲು ಸೊಗಸು. ಅದರ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುವ ವೈಖರಿಯನ್ನು ಕಂಡು ಮರುಳಾಗದವರಿಲ್ಲ. ಆದರೆ ಅದರ ಮೈಯ ಭಾಗಗಳು ಈಗ ದುರ್ಲಭ.

ಪದ್ಮಿನಿಯ ಮೇಲೆ ನಮಗಿರುವ ಅಭಿಮಾನಕ್ಕೆ ಇನ್ನೂ ಒಂದು ಕಾರಣವುಂಟೆಂದರೆ ವಾಚಕರು ಮನ್ನಿಸಬೇಕು. ಹಿಂದೂದೇಶದಲ್ಲಿಯೇ ಮೋಟಾರು ಕಾರುಗಳು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆಯನ್ನು ಸಿದ್ಧಪಡಿಸಿ ಅದಕ್ಕಾಗಿ ಶ್ರಮಿಸಿದವರಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಅಗ್ರಗಣ್ಯರು. ಆ ಯತ್ನದಲ್ಲಿ ಅವರೊಡನಿದ್ದ ವಾಲ್‌ಚಂದ್ ಹೀರಾಚಂದರೇ ಮುಂದೆ 1944ರಲ್ಲಿ ಪ್ರೀಮಿಯರ್ ಕಾರ್ಖಾನೆಯನ್ನು ಸ್ಥಾಪಿಸಿದವರು.

ಇನ್ನು ತಗಡಿನ ಪರೀಕ್ಷೆ. ತೆಳ್ಳನೆಯ ಬಟ್ಟೆಯಲ್ಲಿ ಸುತ್ತಿದ ಒಂದು ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋಗತಕ್ಕದ್ದು. ಬಾಗಿಲುಗಳ ಕೆಳಅಂಚು, ಚಕ್ರಗಳ ಮೇಲಿನ ಕಮಾನು, ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ತೊಲೆ, ಇವುಗಳ ಮೇಲೆಲ್ಲ ಅದನ್ನು ಆಡಿಸಿ ನೋಡಬೇಕು. ಹಿಡಿಯಬೇಕಾದಲ್ಲಿ ಹಿಡಿಯದೆ ಜಾರಿದರೆ ಅಲ್ಲಿ ತಗಡಿಲ್ಲ, ಪುಟ್ಟಿಯುಂಟೆಂದು ತಿಳಿಯುವುದು. ಹೊರಗೆ ಥಳುಕು ಒಳಗೆ ಹುಳುಕು ಎಂಬ ಗಾದೆ ಹಳೆಯ ಕಾರಿಗೆ ಒಪ್ಪಿದಷ್ಟು ಬೇರೆ ಯಾವುದಕ್ಕೂ ಒಪ್ಪದು. ಬಳಿಕ ಕಾಲಡಿಯ ಚಾಪೆಗಳನ್ನು ಎತ್ತಿಸಿ ನೆಲದ ತಗಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಡಿಕ್ಕಿಯೊಳಗೆ ಸ್ಟೆಪ್ನಿಯನ್ನು ತೆಗೆಸಿ ಅದರ ಕೆಳಗೆ ನೋಡಿ. ಬ್ಯಾಟರಿಯ ತಟ್ಟೆಯನ್ನು ನೋಡಿ, ಅಲ್ಲಿ ಆಮ್ಲವು ತೊಟ್ಟಿಕ್ಕಿ ತಗಡನ್ನು ತಿಂದಿರುವುದುಂಟು. ಹಿಂಬದಿಯ ಪಟ್ಟಿ ಸ್ಪ್ರಿಂಗುಗಳು ಮೈಗೆ ಕೂಡುವ ಜಾಗವು ಸವೆದಿದ್ದರೆ, ಮುಂದೆ ಮಾತು ಬೇಡ, ನಮಸ್ಕಾರ ಹೇಳಿ ಬಂದುಬಿಡುವುದೇ ಮೇಲು. ಕಡಲತೀರದ ಊರುಗಳಲ್ಲಿ ಬಾಳಿದ ಕಾರಿನ ವಿಷಯದಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಿರಲಿ. ಮಂಗಳೂರಿನ ಉಪ್ಪುಗಾಳಿಗೂ ಚಿತ್ರದುರ್ಗದ ಒಣಹವೆಗೂ ಬಹಳ ಅಂತರವುಂಟು.

ಇಂಜಿನ್ನನ್ನು ನೋಡುವಾಗ, ಅದು ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಮಾರುವವನು ಮೊದಲೇ ಕಾಯಿಸಿಟ್ಟಿದ್ದರೆ ಏನನ್ನೋ ಮರೆಸುತ್ತಿರುವನೆಂದು ಸಂಶಯಪಡಬಹುದು. ಹೊಗೆಯು ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ. ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಕಾದ ಮೇಲೂ ಬೆಳ್ಳಗೆ ಬರುತ್ತಲೇ ಇದ್ದರೆ ನೀರು ಒಳಸೇರುತ್ತಿದೆ. ಎಣ್ಣೆಯ ಮುಚ್ಚಳದ ಒಳಗೆ ಮಜ್ಜಿಗೆಯಂತಹ ಬಿಳಿಯ ಪದಾರ್ಥ ಅಂಟಿದ್ದರೂ ಇದೇ ಸಂಶಯ. ಇವು ಯಾವುವೂ ಅಸಾಧ್ಯ ರೋಗಗಳಲ್ಲ, ಕ್ರಯವನ್ನು ಇಳಿಸಲು ತಕ್ಕ ಕಾರಣಗಳು.

ಕಾಗದಪತ್ರಗಳ ವಿಚಾರದಲ್ಲಿ ನಮ್ಮ ವಾಚಕರು ಸ್ವಲ್ಪ ಬೇಸರವನ್ನು ಸಹಿಸಿಕೊಳ್ಳಲೇಬೇಕು. ಇಂಜಿನ್ ಸಂಖ್ಯೆಯೂ ಛಾಸಿ ಸಂಖ್ಯೆಯೂ ನೋಂದಣಿ ಪತ್ರದಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು. ಮಾಲೀಕರು ತೀರಿಹೋಗಿದ್ದರೆ ವಾರಸುದಾರರೆಲ್ಲರ ಒಪ್ಪಿಗೆ ಬೇಕಾಗುವುದು. ಹಾಸನದ ವಾಚಕರು ತಮ್ಮಂದಿರೊಡನೆ ವಾದಿಸುವುದಕ್ಕೆ ಮೊದಲು ಇದನ್ನು ನೆನೆಯತಕ್ಕದ್ದು. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 20 ವರ್ಷ ಮೀರಿದ ಕಾರುಗಳಿಗೆ ಈ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000 ರೂಪಾಯಿಗಳಿಗೆ ಏರಿಸಿದರು. ಇದಲ್ಲದೆ ಹಸಿರು ತೆರಿಗೆಯೂ ಉಂಟು. ಕೊಡುವ ದಿನ ಎಷ್ಟಾಗುವುದೆಂದು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಂಡೇ ವ್ಯಾಪಾರ ಮುಗಿಸಬೇಕು.

50 ವರ್ಷ ಮೀರಿದ ಕಾರುಗಳಿಗೆ 2021ರ ಜುಲೈ ತಿಂಗಳಿನಿಂದ ಬೇರೊಂದು ಮಾರ್ಗವನ್ನು ತೆರೆದಿರುವರು. ಮೂಲರೂಪ ಕೆಡದಿರುವ ಅಂತಹ ಗಾಡಿಯನ್ನು 20,000 ರೂಪಾಯಿ ಕೊಟ್ಟು ‘ವಿಂಟೇಜ್’ ಎಂದು ಹತ್ತು ವರ್ಷಗಳಿಗೆ ನೋಂದಾಯಿಸಬಹುದು. ಸಂಖ್ಯಾಫಲಕದ ಮೇಲೆ ‘ವಿಎ’ ಎಂಬ ಅಕ್ಷರಗಳು ಬರುವುವು. ಕೇಳಲು ಗೌರವದ ವಿಷಯವೇ ಸರಿ. ಆದರೆ ಅಂತಹ ಕಾರನ್ನು ಪ್ರದರ್ಶನ, ರ್‍ಯಾಲಿ, ಸಂಶೋಧನೆ, ರಿಪೇರಿ, ಪೆಟ್ರೋಲು ತುಂಬಿಸುವುದು, ಇವುಗಳಿಗಾಗಿಯಲ್ಲದೆ ದಿನಬಳಕೆಗೆ ರಸ್ತೆಗೆ ತರಕೂಡದು. ಮನೆಮಂದಿಯನ್ನು ಕೂಡಿಸಿಕೊಂಡು ದೇವಸ್ಥಾನಕ್ಕೂ ಸಂತೆಗೂ ಹೋಗಬೇಕೆನ್ನುವವರು ಈ ಗೌರವದ ಆಸೆಯನ್ನು ಬಿಟ್ಟು, ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಒಳ್ಳೆಯದು.

ಬಹುಕಾಲ ನಿಂತ ಕಾರನ್ನು ಎಬ್ಬಿಸುವುದು ಹೇಗೆ? ಹೊಸ ಬ್ಯಾಟರಿಯನ್ನು ತಂದು ಕೀಲಿ ತಿರುಗಿಸುವ ಆತುರವೇ ಇಲ್ಲಿ ಶತ್ರು. ಪಿಸ್ಟನ್ನುಗಳು ಒಣಗಿ ಹಿಡಿದುಕೊಂಡಿರುವಲ್ಲಿ ಬಲವಂತ ಮಾಡಿದರೆ ಒಳಗೆ ಗೀರು ಬೀಳುವುದು. ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ, ಪ್ರತಿಯೊಂದು ಸಿಲಿಂಡರಿಗೂ ಒಂದೆರಡು ಚಮಚ ಇಂಜಿನ್ ಎಣ್ಣೆಯನ್ನು ಹೊಯ್ದು, ಒಂದು ದಿನ ಹಾಗೆಯೇ ಬಿಡಬೇಕು. ಮಾರನೆಯ ದಿನ ಹ್ಯಾಂಡಲು ಹಾಕಿ ಕೈಯಿಂದಲೇ ಮೆಲ್ಲನೆ ತಿರುಗಿಸಿ, ಸಲೀಸಾಗಿ ತಿರುಗಿದರೆ ಅರ್ಧ ಗೆದ್ದಂತೆ. ಹಳೆಯ ಪೆಟ್ರೋಲು ಅಂಟಾಗಿ ಕೊಳವೆಗಳನ್ನು ಕಟ್ಟಿರುತ್ತದೆ. ಟ್ಯಾಂಕನ್ನು ಇಳಿಸಿ ತೊಳೆಯಬೇಕು, ಕಾರ್ಬೊರೇಟರನ್ನು ಬಿಚ್ಚಿ ಶುದ್ಧಿ ಮಾಡಬೇಕು. ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಇಲಿಗಳಿಗೆ ಈ ತಂತಿಗಳ ಹೊದಿಕೆಯ ಮೇಲೆ ವಿಶೇಷ ಪ್ರೀತಿ, ಅವು ಕಡಿದ ತಂತಿ ಬೆಂಕಿಗೆ ಮೂಲ. ಬ್ರೇಕಿನ ರಬ್ಬರುಗಳನ್ನು, ಚೆನ್ನಾಗಿರುವಂತೆ ಕಂಡರೂ, ಎಲ್ಲವನ್ನೂ ಬದಲಾಯಿಸಿ ಹೊಸ ಬ್ರೇಕ್ ಆಯಿಲನ್ನು ತುಂಬಿಸಬೇಕು. ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕೆಗಳು ಅಚ್ಚಾಗಿರುವುವು: ಮೊದಲೆರಡು ವಾರ, ಮುಂದಿನೆರಡು ವರ್ಷ. 1715 ಎಂದಿದ್ದರೆ 2015ರ ಹದಿನೇಳನೆಯ ವಾರದ್ದು. ಹತ್ತು ವರ್ಷದ ಟೈರು ಎಷ್ಟು ಕಡಮೆ ಸವೆದಿದ್ದರೂ ನೆಚ್ಚತಕ್ಕುದಲ್ಲ. ಓಡುವಂತೆ ಮಾಡುವುದಕ್ಕಿಂತ ನಿಲ್ಲುವಂತೆ ಮಾಡುವುದು ಮೊದಲ ಕೆಲಸ.

ಈಗಿನ ಪೆಟ್ರೋಲಿನ ವಿಷಯವಾಗಿ ಎರಡು ಮಾತು. 2000ದ ಫೆಬ್ರವರಿಯಿಂದ ನಮ್ಮ ದೇಶದ ಪೆಟ್ರೋಲಿನಲ್ಲಿ ಸೀಸವಿಲ್ಲ. ಜನರ ಆರೋಗ್ಯಕ್ಕೆ ಅದು ಅಗತ್ಯವಾಗಿತ್ತು. ಆದರೆ ಹಳೆಯ ಅಂಬಾಸಿಡರಿನಂತೆ ಬೀಡುಕಬ್ಬಿಣದ ತಲೆಯುಳ್ಳ ಇಂಜಿನ್ನುಗಳಲ್ಲಿ ವಾಲ್ವುಗಳು ಕೂರುವ ಪೀಠವನ್ನು ಸವೆಯದಂತೆ ಕಾಯುತ್ತಿದ್ದುದೂ ಆ ಸೀಸವೇ. ಹೆಚ್ಚು ವೇಗವಾಗಿ ಓಡಿಸದವರು ಹೆದರಬೇಕಾದುದಿಲ್ಲ. ಟ್ಯಾಪೆಟ್ ಅಂತರವನ್ನು ಆಗಾಗ್ಗೆ ಅಳೆಸುತ್ತಿದ್ದು, ತಲೆಯನ್ನು ಬಿಚ್ಚುವ ಪ್ರಸಂಗ ಬಂದಾಗ ಗಟ್ಟಿ ಉಕ್ಕಿನ ಉಂಗುರಗಳನ್ನು ಕೂರಿಸಿದರಾಯಿತು. ಇದಕ್ಕಿಂತ ಹತ್ತಿರದ ತೊಂದರೆ ಎಥನಾಲಿನದು. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ 2023ರಲ್ಲಿ ಆರಂಭವಾಗಿ ಎಲ್ಲೆಡೆಗೂ ಹರಡಿತು. ಎಥನಾಲು ಗಾಳಿಯ ತೇವವನ್ನು ಹೀರಿಕೊಳ್ಳುವುದು. ಹಳೆಯ ರಬ್ಬರನ್ನು ಉಬ್ಬಿಸಿ ಬಿರಿಯಿಸುವುದು. ಆದುದರಿಂದ ಪೆಟ್ರೋಲಿನ ಎಲ್ಲ ರಬ್ಬರ್ ಕೊಳವೆಗಳನ್ನೂ, ಪಂಪಿನ ಒಳಪೊರೆಯನ್ನೂ ಎಥನಾಲನ್ನು ತಾಳುವಂತಹವಕ್ಕೆ ಬದಲಾಯಿಸಬೇಕು; ಇದು ದೊಡ್ಡ ಖರ್ಚಲ್ಲ. ಎಣ್ಣೆಯ ಅಳತೆಕಡ್ಡಿಯನ್ನು ಎಳೆದಾಗ ಪೆಟ್ರೋಲಿನ ವಾಸನೆ ಬಂದರೆ ಪಂಪಿನ ಪೊರೆ ಹರಿದು ಒಳಗೆ ಸೋರುತ್ತಿದೆಯೆಂದು ಅರ್ಥ. ಆಗ ಕಾರನ್ನು ಓಡಿಸಲೇಕೂಡದು. ಟ್ಯಾಂಕು ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸುವ ಅಭ್ಯಾಸವನ್ನೂ ಬಿಡತಕ್ಕದ್ದು.

ನಿಲ್ಲಿಸಿದರೆ ಕೆಡುವುದು, ಓಡಿಸಿದರೆ ಬಾಳುವುದು. ಈ ಹವ್ಯಾಸದ ಅರ್ಧ ವಿದ್ಯೆ ಇದೇ. ವಾರಕ್ಕೊಮ್ಮೆ, ಇಲ್ಲವೆ ಹದಿನೈದು ದಿನಕ್ಕೊಮ್ಮೆಯಾದರೂ, ಇಂಜಿನ್ನು ಚೆನ್ನಾಗಿ ಕಾಯುವಷ್ಟು ದೂರ, ಅಂದರೆ ಹದಿನೈದು ಇಪ್ಪತ್ತು ಕಿಲೋಮೀಟರು, ಹೋಗಿಬರಬೇಕು. ಷೆಡ್ಡಿನಲ್ಲಿಯೇ ಐದು ನಿಮಿಷ ಚಾಲೂ ಇಟ್ಟು ಆರಿಸುವುದರಿಂದ ಲಾಭಕ್ಕಿಂತ ಕೇಡೇ ಹೆಚ್ಚು. ಎಣ್ಣೆ ಕಾಯದು, ಹೊಗೆಕೊಳವೆಯೊಳಗೆ ನೀರು ಕೂತು ತುಕ್ಕು ಹಿಡಿಯುವುದು. ಅಂಬಾಸಿಡರಿನ ಮುಂಬದಿಯ ಕೀಲುಗಳಿಗೆ ಗ್ರೀಸ್ ಹೊಡೆಯುವ ಕೆಲಸವನ್ನು ಮನೆಯ ಹುಡುಗರೇ ಕಲಿಯಬಹುದು. ಹುಡುಗಿಯರೂ ಕಲಿಯಲಿ, ಗ್ರೀಸು ಸೋಪಿಗೆ ಹೋಗುವುದು.

ಮೇಸ್ತ್ರಿಯ ಆಯ್ಕೆ ವೈದ್ಯರ ಆಯ್ಕೆಯಷ್ಟೇ ಮುಖ್ಯ. ದೊಡ್ಡ ಷೋರೂಮುಗಳ ಹುಡುಗರು ಕಾರ್ಬೊರೇಟರನ್ನು ಕಂಡರೆ ಬೆಚ್ಚುವರು. ಪ್ರತಿ ಊರಿನಲ್ಲಿಯೂ ಹಿಂದೆ ಟ್ಯಾಕ್ಸಿಗಳನ್ನು ರಿಪೇರಿ ಮಾಡುತ್ತಿದ್ದ ವೃದ್ಧ ಮೇಸ್ತ್ರಿಯೊಬ್ಬನಾದರೂ ಇರುವನು. ಅವನನ್ನು ಹುಡುಕಿ ಮರ್ಯಾದೆಯಿಂದ ನಡೆಸಿಕೊಳ್ಳಿರಿ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಅಲ್ಲಿ ಸಿಕ್ಕದಿದ್ದರೆ ಶಿವಾಜಿನಗರದ ಹಳೆಯ ಸಾಮಾನಿನ ಗಲ್ಲಿಗಳು. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು, ಬಾಯಲ್ಲಿ ವರ್ಣಿಸಿ ಪ್ರಯೋಜನವಿಲ್ಲ. ಖರ್ಚಿಗೆ ಒಂದು ಪ್ರತ್ಯೇಕ ಲೆಕ್ಕದ ಪುಸ್ತಕವನ್ನಿಟ್ಟು, ಅದನ್ನು ಮನೆಯಾಕೆಯ ಕಣ್ಣಿಗೆ ಬೀಳುವಂತೆ ಇಡುವುದು ಸಂಸಾರಕ್ಕೆ ಕ್ಷೇಮ. ಟಿಂಕರಿಂಗೂ ಬಣ್ಣವೂ ಸೇರಿ ಕಾರಿನ ಕ್ರಯವನ್ನೇ ಮೀರುವುದು ಅಪರೂಪವಲ್ಲ. ಈ ವರ್ಷ ಬ್ರೇಕು, ಮುಂದಿನ ವರ್ಷ ಇಂಜಿನ್ನು, ಆಮೇಲೆ ಬಣ್ಣ ಎಂದು ಹಂಚಿಕೊಂಡರೆ ಭಾರವಾಗದು. ಮಕ್ಕಳ ಶಾಲೆಯ ಹಣಕ್ಕೆ ಕೈಹಾಕಿ ಕಾರಿಗೆ ಬಣ್ಣ ಹೊಡೆಸುವವನಿಗೆ ನಾವು ಹವ್ಯಾಸಿಯೆಂದು ಹೇಳಲಾರೆವು.

ಇಷ್ಟೆಲ್ಲ ಪಾಡುಪಟ್ಟು ದೊರೆಯುವ ಸುಖವೇನೆಂದು ಕೇಳಬಹುದು. ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನ ಕೊನೆಗೆ ಮರೆಯಾದಾಗ ಎಷ್ಟೋ ಜನ ಮನೆಯವರೊಬ್ಬರನ್ನು ಕಳುಹಿಸಿದಂತೆ ಮರುಗಿದರು. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳ ಮುಂದೆ ಅಜ್ಜಂದಿರು ಮೊಮ್ಮಕ್ಕಳಿಗೆ ಮಾಡುವ ವಿವರಣೆಯನ್ನು ಕೇಳಿದವರಿಗೆ ಇದರ ಅರ್ಥವಾಗುವುದು. ಸ್ಟಿಯರಿಂಗಿನ ಪಕ್ಕದಲ್ಲಿಯೇ ಇರುವ ಗೇರು ಕಡ್ಡಿ, ಉದ್ದನೆಯ ಒಂದೇ ಮುಂದಿನ ಆಸನ, ತಿರುಗಿಸಿದರೆ ಮುಖಕ್ಕೆ ತಂಗಾಳಿಯನ್ನು ತರುವ ತ್ರಿಕೋನದ ಚಿಕ್ಕ ಗಾಜು, ಬಿಸಿಲಿಗೆ ಕಾದ ರೆಕ್ಸಿನ್ನಿನ ವಾಸನೆ, ಇವನ್ನು ಹಣ ಕೊಟ್ಟು ಹೊಸ ಕಾರಿನಲ್ಲಿ ಪಡೆಯಲಾಗದು.

ಸಂತೋಷದಲ್ಲಿ ಜಾಗ್ರತೆಯನ್ನು ಮರೆಯಕೂಡದು. ಈ ಕಾರುಗಳಲ್ಲಿ ಅನೇಕಕ್ಕೆ ಸೀಟು ಬೆಲ್ಟುಗಳೇ ಇರಲಿಲ್ಲ. ಬಲ್ಲವರಿಂದ ಗಟ್ಟಿ ತಗಡಿಗೆ ಬಿಗಿಸಿ ಹಾಕಿಸುವುದು ಅವಶ್ಯ. ಮಕ್ಕಳನ್ನು ಮುಂದಿನ ಆಸನದಲ್ಲಿ ನಿಲ್ಲಿಸಿಕೊಂಡು ಹೋಗುವ ಹಳೆಯ ಪದ್ಧತಿ ಸರ್ವಥಾ ಬೇಡ. ಗಂಟೆಗೆ ಐವತ್ತು ಅರವತ್ತು ಕಿಲೋಮೀಟರು ಸಾಕು, ಹಳೆಯ ರಾಜ್ಯ ರಸ್ತೆಗಳೇ ಹಿತ. ಶಿರಾಡಿಯನ್ನಾಗಲಿ ಚಾರ್ಮಾಡಿಯನ್ನಾಗಲಿ ಇಳಿಯುವಾಗ ಎರಡನೆಯ ಗೇರಿನಲ್ಲಿಯೇ ಇಳಿಯಬೇಕು. ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಡ್ರಮ್ಮುಗಳು ಕಾದು ಹಿಡಿತ ತಪ್ಪುವುದು. ದಾರಿಯಲ್ಲಿ ಕಾಫಿಗೆಂದು ನಿಲ್ಲಿಸಿದಲ್ಲಿ ಯಾರಾದರೊಬ್ಬ ಹಿರಿಯರು ಬಳಿಗೆ ಬಂದು, ಬಾನೆಟ್ಟಿನ ಮೇಲೆ ಕೈಯಾಡಿಸಿ, ತಮ್ಮ ಮದುವೆಯ ದಿಬ್ಬಣ ಇಂತಹ ಕಾರಿನಲ್ಲಿಯೇ ಬಂದಿತ್ತೆಂದು ಹೇಳತೊಡಗುವರು. ಅದಕ್ಕಾಗಿ ಕಾಲು ಗಂಟೆಯನ್ನು ಹೆಚ್ಚಿಗೆ ಇಟ್ಟುಕೊಂಡೇ ಮನೆಯಿಂದ ಹೊರಡಿರಿ.