ಕೂಡಿ ತುಳಿಯುವ ಸೈಕಲ್ಲು

ಸೈಕಲ್ ಕಲಿಯುವುದು ಹೆಚ್ಚೆಂದರೆ ಒಂದು ವಾರದ ಕೆಲಸ. ಮೊದಲು ಬೀಳುವುದು, ಆಮೇಲೆ ಹಿಂದಿನಿಂದ ಹಿಡಿದವರನ್ನು ನಂಬುವುದು, ಕೊನೆಗೆ ಅವರು ಕೈಬಿಟ್ಟದ್ದು ಗೊತ್ತಾಗದೆ ಮುಂದೆ ಹೋಗುವುದು. ಅಲ್ಲಿಗೆ ವಿದ್ಯೆ ಮುಗಿಯಿತೆಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಹತ್ತು ಜನರ ಜೊತೆ ಸೇರಿ ಸೈಕಲ್ ತುಳಿಯುವುದು ಬೇರೆಯೇ ಒಂದು ವಿದ್ಯೆ. ಅದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ.

ಭಾನುವಾರ ಬೆಳಗಿನ ಹೊತ್ತು ಮೈಸೂರಿನ ಲಲಿತಮಹಲ್ ರಸ್ತೆಯಲ್ಲೋ ಚಾಮುಂಡಿ ಬೆಟ್ಟದ ತಪ್ಪಲಲ್ಲೋ ನಿಂತು ನೋಡಿ. ಸೈಕಲ್ ಗುಂಪುಗಳು ಒಂದಾದ ಮೇಲೊಂದು ಹೋಗುತ್ತವೆ. ಹೈಸ್ಕೂಲು ಹುಡುಗ ಹುಡುಗಿಯರು, ಬ್ಯಾಂಕು ಕಛೇರಿಗಳ ನೌಕರರು, ಅರವತ್ತು ದಾಟಿದ ನಿವೃತ್ತರು. ಕೆಲಸಕ್ಕಲ್ಲ, ಹಾಲು ತರಕಾರಿಗಲ್ಲ, ಬರೀ ಸಂತೋಷಕ್ಕೆ. 'ದೇಶ ಸುತ್ತು, ಕೋಶ ಓದು' ಎನ್ನುವ ಮಾತಿನ ಮೊದಲರ್ಧವನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ಸಾಧಿಸಬಲ್ಲ ವಾಹನ ಇನ್ನೊಂದಿಲ್ಲ.

ಆದರೆ ಇನ್ನಷ್ಟು ಹೊತ್ತು ನೋಡಿದರೆ ಬೇರೊಂದು ದೃಶ್ಯವೂ ಕಾಣುತ್ತದೆ. ಮೊದಲ ಕಿಲೋಮೀಟರು ಎಲ್ಲರೂ ಒಟ್ಟಿಗೆ ಇರುತ್ತಾರೆ. ಮೂರನೆಯದರಲ್ಲಿ ಇಬ್ಬರು ಮುಂದೆ ಹೋಗಿರುತ್ತಾರೆ. ಐದನೆಯದರಲ್ಲಿ ಎಲ್ಲರಿಗಿಂತ ಚಿಕ್ಕವನೊಬ್ಬ ಹಿಂದೆ ಒಂಟಿಯಾಗಿ ಏದುಸಿರು ಬಿಡುತ್ತ ಬರುತ್ತಿರುತ್ತಾನೆ. ಮುಂದಿನವರು ಯಾವುದೋ ಮರದ ನೆರಳಲ್ಲಿ ನಿಂತು, ನೀರು ಕುಡಿದು, ದಣಿವಾರಿಸಿಕೊಳ್ಳುತ್ತಾರೆ. ಅವನು ಬಂದು ತಲುಪಿದ ಕೂಡಲೇ 'ಬಂದನಲ್ಲ, ಹೊರಡೋಣ' ಎಂದು ಪೆಡಲ್ ಮೇಲೆ ಕಾಲಿಡುತ್ತಾರೆ. ಬಲಶಾಲಿಗಳಿಗೆ ಸಿಕ್ಕ ವಿಶ್ರಾಂತಿ ಹತ್ತು ನಿಮಿಷ. ನಿಜವಾಗಿ ಬೇಕಿದ್ದವನಿಗೆ ಸಿಕ್ಕದ್ದು ಸೊನ್ನೆ. ಮುಂದಿನ ಭಾನುವಾರ ಆ ಹುಡುಗ ಬರುವುದಿಲ್ಲ. 'ಅವನಿಗೆ ಕಾಲಲ್ಲಿ ಶಕ್ತಿ ಇಲ್ಲ' ಎಂದು ಉಳಿದವರು ತೀರ್ಮಾನ ಮಾಡಿಬಿಡುತ್ತಾರೆ.

ಈ ತೀರ್ಮಾನ ಸರಿಯೇ? ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಬಾಲದ ಲೆಕ್ಕ

ಹತ್ತು ಸೈಕಲ್ಲುಗಳು ಒಂದರ ಹಿಂದೊಂದು ಹೋಗುತ್ತಿವೆ ಎಂದಿಟ್ಟುಕೊಳ್ಳಿ. ಒಂದರ ಮುಂದಿನ ಚಕ್ರಕ್ಕೂ ಅದರ ಹಿಂದಿನ ಸೈಕಲ್ಲಿನ ಮುಂದಿನ ಚಕ್ರಕ್ಕೂ 5 ಮೀಟರ್ ಅಂತರ. ಹತ್ತು ಸೈಕಲ್ಲುಗಳ ನಡುವೆ ಒಂಬತ್ತು ಅಂತರಗಳು; ಸಾಲಿನ ಉದ್ದ 45 ಮೀಟರ್. ವೇಗ ಗಂಟೆಗೆ 18 ಕಿಲೋಮೀಟರ್, ಅಂದರೆ ಸೆಕೆಂಡಿಗೆ 5 ಮೀಟರ್.

ಈಗ ಗುಂಡಿ ಬಿದ್ದ ನೂರು ಮೀಟರ್ ರಸ್ತೆ ಬಂತು. ಎಲ್ಲರೂ ಅದೇ ಅಂತರವನ್ನು ಉಳಿಸಿಕೊಂಡು ವೇಗವನ್ನು ಅರ್ಧಕ್ಕೆ, ಸೆಕೆಂಡಿಗೆ ಎರಡೂವರೆ ಮೀಟರಿಗೆ, ಇಳಿಸಿದರು. ಮುಂದಾಳು ಕೆಟ್ಟ ರಸ್ತೆ ದಾಟಿದವನೇ ಮೊದಲಿನ ವೇಗಕ್ಕೆ ಬಂದ. ಆಗ ಕೊನೆಯವನು ಅವನಿಗಿಂತ 45 ಮೀಟರ್ ಹಿಂದೆ, ಇನ್ನೂ ಗುಂಡಿಗಳ ನಡುವೆ ಇದ್ದಾನೆ. ಅವನು ಹೊರಬರಲು 18 ಸೆಕೆಂಡು ಬೇಕು. ಅಷ್ಟರಲ್ಲಿ ಮುಂದಾಳು 90 ಮೀಟರ್ ಹೋಗಿರುತ್ತಾನೆ. 45 ಮೀಟರಿದ್ದ ಸಾಲು 90 ಮೀಟರ್ ಆಯಿತು. ಯಾರೂ ತಪ್ಪು ಮಾಡಲಿಲ್ಲ, ಯಾರೂ ಸೋಮಾರಿಯಾಗಲಿಲ್ಲ. ಆದರೂ ಸಾಲು ಹಿಗ್ಗಿತು.

ಈ ಹೆಚ್ಚಿನ 45 ಮೀಟರನ್ನು ತುಂಬಬೇಕಾದವನು ಯಾರು? ಕೊನೆಯವನು. ಅದಕ್ಕಾಗಿ ಅವನು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ತುಳಿದರೆ ಸುಮಾರು 23 ಸೆಕೆಂಡು ಬೇಕು. ಹೀಗೆ ಪ್ರತಿ ಕೆಟ್ಟ ತುಂಡಿಗೂ, ಪ್ರತಿ ತಿರುವಿಗೂ, ಪ್ರತಿ ಹಂಪಿಗೂ ಅವನು ಓಟದ ಸ್ಪರ್ಧೆ ನಡೆಸಬೇಕು. ಮುಂದಾಳುವಾದರೋ ಒಂದೇ ಹದದಲ್ಲಿ ಆರಾಮವಾಗಿ ಹೋಗುತ್ತಿರುತ್ತಾನೆ.

ಗಾಳಿಯ ಲೆಕ್ಕ

18ಕ್ಕೂ 25ಕ್ಕೂ ಏನು ಮಹಾ ವ್ಯತ್ಯಾಸ ಎನ್ನಬಹುದು. ಇಲ್ಲಿ ಗಾಳಿ ತನ್ನ ಪಾಲು ಕೇಳುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಸಾಮರ್ಥ್ಯ ಎಂಟರಷ್ಟು ಬೇಕು. ನೆಟ್ಟಗೆ ಕುಳಿತು ಸಾಧಾರಣ ಸೈಕಲ್ ತುಳಿಯುವವರು ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಗಾಳಿಯನ್ನು ಸೀಳಲು ಸರಿಸುಮಾರು 35 ವಾಟ್ ವ್ಯಯಿಸುತ್ತಾರೆ. 25 ಕಿಲೋಮೀಟರ್ ಆದಾಗ ಅದು 90 ವಾಟ್ ದಾಟುತ್ತದೆ. ಟೈರು ರಸ್ತೆಗಳ ಘರ್ಷಣೆಗೆ ಕೊಡಬೇಕಾದದ್ದು ಬೇರೆ. ಆರೋಗ್ಯವಂತ ವಯಸ್ಕರೇ ಒಂದು ಗಂಟೆ ಸತತವಾಗಿ ಕೊಡಬಲ್ಲದ್ದು ಸುಮಾರು 100 ವಾಟ್.

ಅಂದರೆ ಹಿಂದಿನ ಹುಡುಗ ತನ್ನ ಸರದಿ ಬಂದಾಗಲೆಲ್ಲ ಮುಂದಾಳುವಿನ ಎರಡರಷ್ಟಕ್ಕೂ ಹೆಚ್ಚು ದುಡಿಯುತ್ತಿದ್ದಾನೆ. ನಾವು ದುರ್ಬಲನನ್ನು ಬಾಲದಲ್ಲಿ ಬಿಟ್ಟು, ಅತಿ ಹೆಚ್ಚಿನ ಕಂದಾಯವನ್ನು ಅವನಿಂದಲೇ ವಸೂಲು ಮಾಡುತ್ತಿದ್ದೇವೆ. ಆಮೇಲೆ ಅವನಿಗೆ ಶಕ್ತಿ ಇಲ್ಲ ಎನ್ನುತ್ತೇವೆ.

ಪರಿಹಾರ ಬಹಳ ಸುಲಭ, ಕಾಸಿನ ಖರ್ಚಿಲ್ಲ. ಎಲ್ಲರಿಗಿಂತ ನಿಧಾನದವರನ್ನು ಮುಂದಾಳುವಿನ ಬೆನ್ನ ಹಿಂದೆಯೇ, ಎರಡನೆಯ ಜಾಗದಲ್ಲಿ ಇರಿಸಿ. ಎಲ್ಲರಿಗಿಂತ ಗಟ್ಟಿಗರನ್ನು ಬಾಲಕ್ಕೆ ಕಳಿಸಿ. ಸಾಲು ಹಿಗ್ಗಿದಾಗ ಓಡಿ ಸೇರುವ ಕೆಲಸ ಗಟ್ಟಿಗರದು. ಯಾರದಾದರೂ ಸರಪಳಿ ಕಳಚಿದರೆ ನಿಂತು ನೆರವಾಗುವ ಕೆಲಸವೂ ಅವರದು. ಮುಂದಾಳು ಕೆಟ್ಟ ರಸ್ತೆ ದಾಟಿದ ಮೇಲೆ ಕೊನೆಯವರು ದಾಟುವ ತನಕ ನಿಧಾನದಲ್ಲೇ ಇರಬೇಕು. ವಿಶ್ರಾಂತಿಯ ಲೆಕ್ಕ ಶುರುವಾಗಬೇಕಾದದ್ದು ಮೊದಲಿಗರು ನಿಂತಾಗ ಅಲ್ಲ, ಕೊನೆಯವರು ಬಂದು ಕಾಲು ನೆಲಕ್ಕಿಟ್ಟಾಗ.

ಇದು ಹೊಸ ಮಾತೇನೂ ಅಲ್ಲ. 1897ರಲ್ಲಿ ಇಟಲಿಯ ಹನ್ನೆರಡು ಸವಾರರು ಒಂದೇ ಹಗಲಿನಲ್ಲಿ ರೋಮ್‌ನಿಂದ ನೇಪಲ್ಸ್‌ಗೆ ಸೈಕಲ್ ತುಳಿದು ಹೋದರು. ಅಲ್ಲಿಂದ ಬೆಳೆದು ಬಂದದ್ದೇ 'ಆಡಾಕ್ಸ್' ಎಂಬ ಸಂಪ್ರದಾಯ. ಫ್ರಾನ್ಸಿನಲ್ಲಿ ಅದು 1904ರಿಂದ ರೂಪು ಪಡೆಯಿತು. ಅದರ ಮೂಲ ಪದ್ಧತಿಯಲ್ಲಿ ಗುಂಪಿಗೊಬ್ಬ ನಾಯಕ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 22.5 ಕಿಲೋಮೀಟರಿನ ನಿಗದಿತ ಹದ. ನಾಯಕನನ್ನು ಯಾರೂ ಹಿಂದಿಕ್ಕುವಂತಿಲ್ಲ. ಮೊದಲು ಮುಟ್ಟಿದವರಿಗೆ ಬಹುಮಾನವಿಲ್ಲ. ಒಟ್ಟಿಗೆ ಹೊರಟವರು ಒಟ್ಟಿಗೆ ಮುಟ್ಟುವುದೇ ಅಲ್ಲಿ ಗೆಲುವು.

ಹಕ್ಕಿಗಳ ಸಾಲು

ವಿದ್ಯಾರ್ಥಿಗಳು ಇಲ್ಲೊಂದು ಪ್ರಶ್ನೆ ಕೇಳುತ್ತಾರೆ: 'ಸಾರ್, ಪಂದ್ಯಗಳಲ್ಲಿ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡಂತೆ ಹೋಗುತ್ತಾರಲ್ಲ, ನಾವೂ ಹಾಗೆ ಹೋಗಬಹುದೇ?' ಮುಂದಿನವರು ಗಾಳಿಯನ್ನು ಸೀಳಿದಾಗ ಅವರ ಬೆನ್ನ ಹಿಂದೆ ಗಾಳಿಯ ತಡೆ ಕಡಿಮೆಯಾಗುತ್ತದೆ. ತೀರ ಹತ್ತಿರ ಹಿಂಬಾಲಿಸಿದರೆ ಗಾಳಿಯ ತಡೆಯಲ್ಲಿ ಮೂರನೆಯ ಒಂದು ಭಾಗದಷ್ಟು ಉಳಿತಾಯವಾಗಬಹುದು. ವಿಜಯಪುರ, ಬಾಗಲಕೋಟೆ ಕಡೆಯ ನಮ್ಮ ಸೈಕ್ಲಿಂಗ್ ಪಟುಗಳು ತಂಡವಾಗಿ ಸ್ಪರ್ಧಿಸುವಾಗ ಸರದಿಯ ಮೇಲೆ ಮುಂದೆ ಬಂದು ಗಾಳಿಗೆ ಎದೆ ಕೊಡುವುದು ಇದಕ್ಕಾಗಿಯೇ.

ಚಳಿಗಾಲದಲ್ಲಿ ಹಿಮಾಲಯ ದಾಟಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಬಾಣದ ತುದಿಯಂತೆ ಸಾಲುಗಟ್ಟಿ ಹಾರುವುದನ್ನು ನೀವು ನೋಡಿರಬಹುದು. ಹಕ್ಕಿಗಳ ಉಪಾಯ ಸ್ವಲ್ಪ ಬೇರೆ. ಮುಂದಿನ ಹಕ್ಕಿಯ ರೆಕ್ಕೆಯ ತುದಿಯಾಚೆ ಮೇಲಕ್ಕೇಳುವ ಗಾಳಿಯನ್ನು ಹಿಂದಿನ ಹಕ್ಕಿ ಬಳಸಿಕೊಳ್ಳುತ್ತದೆ. ಅದಕ್ಕೇ ಅವು ನೇರ ಹಿಂದೆ ಹಾರದೆ ಓರೆಯಲ್ಲಿ ಹಾರುತ್ತವೆ. ಐಬಿಸ್ ಹಕ್ಕಿಗಳ ಬೆನ್ನಿಗೆ ಉಪಕರಣ ಕಟ್ಟಿ ಅಭ್ಯಾಸ ಮಾಡಿದ ವಿಜ್ಞಾನಿಗಳು 2014ರಲ್ಲಿ ಇದನ್ನು ತೋರಿಸಿಕೊಟ್ಟರು.

ಆದರೆ ಮಕ್ಕಳು ರಸ್ತೆಯಲ್ಲಿ ಅಂಟಿಕೊಂಡು ಹೋಗುವುದು ಬೇಡ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಉಳಿಯುವುದು ಹತ್ತು ಹನ್ನೆರಡು ವಾಟ್ ಮಾತ್ರ. ಕಣ್ಣು ಕಂಡು ಕೈ ಬ್ರೇಕು ಹಿಡಿಯಲು ಒಂದು ಸೆಕೆಂಡು ಬೇಕೆಂದರೂ ಅಷ್ಟರಲ್ಲಿ ಸೈಕಲ್ಲು 5 ಮೀಟರ್ ಹೋಗಿರುತ್ತದೆ. ಹನ್ನೆರಡು ವಾಟ್ ಉಳಿಸಲು ಹೋಗಿ ಹಲ್ಲು ಕಳೆದುಕೊಳ್ಳಬಾರದು. ಎರಡು ಸೈಕಲ್ಲಿನಷ್ಟು ಜಾಗ ನಡುವೆ ಇರಲಿ.

ಇನ್ನೊಂದು ವಿಷಯ. ಮುಂದಾಳು ಗುಂಡಿ ಕಂಡು ಸುಮ್ಮನೆ ಬ್ರೇಕು ಹಾಕಿದರೆ, ಪ್ರತಿಯೊಬ್ಬರೂ ತಮ್ಮ ಮುಂದಿನವರನ್ನು ನೋಡಿಯೇ ತಿಳಿಯಬೇಕು. ಒಬ್ಬೊಬ್ಬರಿಗೆ ಒಂದು ಸೆಕೆಂಡು ಎಂದರೂ ಹತ್ತನೆಯವರಿಗೆ ಸುದ್ದಿ ಮುಟ್ಟಲು 9 ಸೆಕೆಂಡು. ಅದೇ 'ಗುಂಡಿ!' ಎಂದು ಕೂಗಿದರೆ ಶಬ್ದ 45 ಮೀಟರ್ ದಾಟಲು ಒಂದು ಸೆಕೆಂಡಿನ ಏಳನೆಯ ಒಂದು ಭಾಗ ಸಾಕು. ಗುಂಪಿನಲ್ಲಿ ಬಾಯಿ ಬಿಗಿದು ಹೋಗುವುದು ಶಿಸ್ತಲ್ಲ. ಮಾತಾಡಿಕೊಂಡು ತುಳಿಯಲು ಆಗುತ್ತಿದೆ ಎಂದರೆ ವೇಗ ಹದವಾಗಿದೆ ಎಂದೂ ಅರ್ಥ. ಮಾತಿನ ನಡುವೆ ಉಸಿರು ಕಟ್ಟುತ್ತಿದ್ದರೆ ವೇಗ ಇಳಿಸಬೇಕು.

ಪೋಷಕರಿಗೆ ಎರಡು ಮಾತು

'ಈ ಟ್ರಾಫಿಕ್ಕಿನಲ್ಲಿ ಮಗುವನ್ನು ಸೈಕಲ್ಲಿನಲ್ಲಿ ಕಳಿಸುವುದು ಹೇಗೆ?' ಎಂಬ ತಂದೆ ತಾಯಿಯರ ಭಯ ನ್ಯಾಯವಾದದ್ದೇ. ಆದರೆ ಒಂಟಿಯಾಗಿ ಕಳಿಸುವುದಕ್ಕೂ ಗುಂಪಿನಲ್ಲಿ ಕಳಿಸುವುದಕ್ಕೂ ಅಂತರವಿದೆ. ಅಮೆರಿಕದ ಜೇಕಬ್ಸನ್ ಎಂಬವರು ಕ್ಯಾಲಿಫೋರ್ನಿಯದ ನಗರಗಳ, ಡೆನ್ಮಾರ್ಕಿನ ಪಟ್ಟಣಗಳ ಮತ್ತು ಯುರೋಪಿನ ಹಲವು ದೇಶಗಳ ಅಂಕಿಅಂಶ ಹೋಲಿಸಿ 2003ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ರಸ್ತೆಯಲ್ಲಿ ನಡೆಯುವವರು, ಸೈಕಲ್ ತುಳಿಯುವವರು ಎರಡರಷ್ಟಾದ ಕಡೆ ಅಪಘಾತಗಳು ಎರಡರಷ್ಟಾಗುವುದಿಲ್ಲ; ಸುಮಾರು ಶೇಕಡ 32ರಷ್ಟು ಮಾತ್ರ ಹೆಚ್ಚುತ್ತವೆ. ಅಂದರೆ ಒಬ್ಬೊಬ್ಬರ ಅಪಾಯ ಮೂರನೆಯ ಒಂದು ಭಾಗದಷ್ಟು ಇಳಿಯುತ್ತದೆ. ಸೈಕಲ್ಲುಗಳು ಕಣ್ಣಿಗೆ ಬೀಳುತ್ತಲೇ ಇರುವ ಊರಿನಲ್ಲಿ ವಾಹನ ಚಾಲಕರು ಎಚ್ಚರದಿಂದ ಇರುತ್ತಾರೆ ಎಂಬುದು ಅವರ ವಿವರಣೆ. ಪರದೇಶದ ಲೆಕ್ಕ ನಮ್ಮ ರಸ್ತೆಗೆ ಹಾಗೆಯೇ ಹೊಂದಬೇಕೆಂದಿಲ್ಲ. ತತ್ವ ಮಾತ್ರ ಗಮನಿಸತಕ್ಕದ್ದು.

ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಇದನ್ನು ಲೆಕ್ಕವಿಲ್ಲದೆಯೇ ಬಲ್ಲರು. ನಮ್ಮ ರಾಜ್ಯ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿದ ಮೇಲೆ, ಪಕ್ಕದೂರಿನ ಹೈಸ್ಕೂಲಿಗೆ ನಾಲ್ಕೈದು ಹುಡುಗಿಯರು ಜೊತೆಗೂಡಿ, ಒಬ್ಬಳಿಗಾಗಿ ಇನ್ನೊಬ್ಬಳು ಕಾದು, ಸೈಕಲ್ ತುಳಿದು ಹೋದರು. ಮನೆಯವರಿಗೆ ಧೈರ್ಯ ಕೊಟ್ಟದ್ದು ಸೈಕಲ್ಲಿನಷ್ಟೇ ಆ ಜೊತೆ.

ಆದ್ದರಿಂದ ಮಗ ಅಥವಾ ಮಗಳು ಸವಾರಿಗೆ ಹೊರಟಾಗ 'ಎಷ್ಟು ಕಿಲೋಮೀಟರ್?' ಎನ್ನುವ ಮೊದಲು ಮೂರು ಪ್ರಶ್ನೆ ಕೇಳಿ. ಮುಂದೆ ಯಾರು, ಕೊನೆಯಲ್ಲಿ ಯಾರು? ಒಬ್ಬರು ನಿಂತರೆ ಎಲ್ಲರೂ ನಿಲ್ಲುತ್ತಾರೆಯೇ? ಯಾವ ದಾರಿ? ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಸೈಕಲ್ ಮುಂತಾದ ನಿಧಾನದ ವಾಹನಗಳನ್ನು 2023ರ ಆಗಸ್ಟ್ 1ರಿಂದ ನಿಷೇಧಿಸಲಾಯಿತು. ಶ್ರೀರಂಗಪಟ್ಟಣಕ್ಕೆ ಹೋಗುವ ಗುಂಪು ಹೊರಡುವ ಮುನ್ನವೇ ದಾರಿ ಗೊತ್ತು ಮಾಡಿಕೊಳ್ಳಬೇಕು. ಟೈರಿನ ಗಾಳಿ, ಎರಡೂ ಬ್ರೇಕು, ಸರಪಳಿ, ತಲೆಗೆ ಹೆಲ್ಮೆಟ್, ಹಿಂದೆ ಕೆಂಪು ದೀಪ: ಇವನ್ನು ಹೊರಡುವ ಮೊದಲು ಮಕ್ಕಳೇ ನೋಡಿಕೊಳ್ಳಲಿ.

ಈಗ ಮೊಬೈಲುಗಳು ಪ್ರತಿ ಸವಾರಿಯ ವೇಗವನ್ನು ಅಳೆದು, ಯಾರು ಮೊದಲು ಯಾರು ಕೊನೆ ಎಂದು ಪಟ್ಟಿ ಮಾಡಿಕೊಡುತ್ತವೆ. ಶಾಲೆಯಲ್ಲಿ ವಾರವಿಡೀ ರ್‍ಯಾಂಕಿನ ಪಟ್ಟಿ ನೋಡುವ ಮಕ್ಕಳಿಗೆ ಭಾನುವಾರವೂ ಇನ್ನೊಂದು ಪಟ್ಟಿ ಬೇಕೇ? ಮನೆಗೆ ಬಂದಾಗ 'ಎಷ್ಟನೆಯವನಾಗಿ ಬಂದೆ?' ಎಂದು ಕೇಳದಿದ್ದರೆ ಅದೇ ದೊಡ್ಡ ಉಪಕಾರ.

ವಿದ್ಯಾರ್ಥಿಗಳು ಈ ಭಾನುವಾರ ಒಂದು ಪ್ರಯೋಗ ಮಾಡಿ. ವಾಹನ ಓಡಾಟವಿಲ್ಲದ ರಸ್ತೆಯ ಒಂದು ಕೆಟ್ಟ ತುಂಡನ್ನು ಆರಿಸಿಕೊಳ್ಳಿ. ಒಬ್ಬರು ಅದರ ಕೊನೆಯಲ್ಲಿ, ರಸ್ತೆಯ ಬದಿಗೆ, ಗಡಿಯಾರ ಹಿಡಿದು ನಿಲ್ಲಿ. ಮೊದಲ ಸೈಕಲ್ಲು ದಾಟಿದ ಮೇಲೆ ಕೊನೆಯದು ದಾಟಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆದುಕೊಳ್ಳಿ. ಅದನ್ನು ಮುಂದಾಳುವಿನ ವೇಗದಿಂದ ಗುಣಿಸಿ. ಸಾಲಿನ ಉದ್ದ ಸಿಗುತ್ತದೆ. ಆಮೇಲೆ ನಿಧಾನದವರನ್ನು ಎರಡನೆಯ ಜಾಗಕ್ಕೆ ತಂದು, ಮುಂದಾಳು ಕೊನೆಯವರಿಗಾಗಿ ಕಾಯುವಂತೆ ಮಾಡಿ ಮತ್ತೊಮ್ಮೆ ತುಳಿಯಿರಿ. ಕೊನೆಯವರು ದಾಟಿದಾಗ ಮುಂದಾಳು ಎಷ್ಟು ದೂರ ಹೋಗಿದ್ದ ಎಂದು ಈ ಸಲ ಹೆಜ್ಜೆ ಹಾಕಿ ಅಳೆಯಿರಿ. ಎರಡೂ ಅಂಕಿಗಳನ್ನು ನೋಟ್ ಪುಸ್ತಕದಲ್ಲಿ ಅಕ್ಕಪಕ್ಕ ಬರೆಯಿರಿ. ಹಿಂದೆ ಬಿದ್ದು ಬರುವುದನ್ನೇ ಬಿಟ್ಟ ಗೆಳೆಯನೊಬ್ಬನಿದ್ದರೆ, ಆ ಪುಟವನ್ನು ಮೊದಲು ಅವನಿಗೆ ತೋರಿಸಿ, ಸವಾರಿಗೆ ಕರೆಯಿರಿ.